ಕೊರೊನಾಕ್ಕಿಂತ ಮೊದಲೇ ಮಲಗಿದವನು

ರೋಗದ ವಿಷಯದಲ್ಲಿ ಶಿವಮೊಗ್ಗ ಜಿಲ್ಲೆಯವರಿಗೆ ಹೊರಗಿನವರು ಪಾಠ ಹೇಳಬೇಕಾಗಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲೇ ನಮ್ಮದೊಂದು ಸ್ವಂತ ವೈರಸ್ ಪತ್ತೆಯಾಗಿ, ಊರಿನ ಹೆಸರು ಹೊತ್ತೇ ಲೋಕದ ವೈದ್ಯಗ್ರಂಥಗಳನ್ನು ಸೇರಿದೆ. ಅದು ತರುವ ಮಂಗನ ಕಾಯಿಲೆ ಮಲೆನಾಡಿನಲ್ಲಿ ಇಂದಿಗೂ ಜೀವ ತೆಗೆಯುತ್ತದೆ. ಅದಕ್ಕಾಗಿ ಮುಂಬಯಿಯ ದಲಾಲ್ ಸ್ಟ್ರೀಟ್ ಒಂದು ಸೀನೂ ಸೀನಿಲ್ಲ. ಷೇರುಪೇಟೆ ಕಾಯಿಲೆಗೆ ಹೆದರುವುದಿಲ್ಲ. ಅಂಗಡಿ ಬಾಗಿಲು ಹಾಕಿಸುತ್ತಾರೆ ಅಂದರೆ ಹೆದರುತ್ತದೆ. ಈ ಜ್ಞಾನ 2020ರ ಫೆಬ್ರವರಿಯಲ್ಲೇ ಬಂದಿದ್ದರೆ ನಾನು ಲೇಖನ ಬರೆಯುವ ಬದಲು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮಳಿಗೆ ಬಾಡಿಗೆಗೆ ಕೊಟ್ಟುಕೊಂಡು ಕೂತಿರುತ್ತಿದ್ದೆ.

ನನ್ನ ಬಳಿ ಇದ್ದದ್ದು ಸರ್ಕಾರಿ ಉಕ್ಕು ಕಂಪನಿ ಸೇಲ್‌ನ ಷೇರು. ಕೊಂಡದ್ದು ಲೆಕ್ಕ ಹಾಕಿಯಲ್ಲ, ಅಭಿಮಾನಕ್ಕೆ. ಭದ್ರಾವತಿಯ ವಿಶ್ವೇಶ್ವರಯ್ಯ ಕಬ್ಬಿಣದ ಕಾರ್ಖಾನೆ ಸೇಲ್‌ನದು. ನನ್ನ ಷಡ್ಡಕರು ಅಲ್ಲಿ ದುಡಿದು ನಿವೃತ್ತರಾದವರು. ಹಬ್ಬಕ್ಕೆ ಭದ್ರಾವತಿ ನ್ಯೂಟೌನಿನ ಅವರ ಮನೆಗೆ ಹೋದಾಗ "ನಿಮ್ಮ ಕಾರ್ಖಾನೆಗೆ ನಾನೂ ಒಬ್ಬ ಮಾಲೀಕ, ಭಾವ" ಅನ್ನುವ ಸುಖಕ್ಕೆ ₹50ರ ಆಸುಪಾಸಿನಲ್ಲಿ ಕೊಂಡಿದ್ದೆ. ಅವರು ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಬಡಿಸಿ, "ಹೆಂಗೂ ಸರ್ಕಾರ ಮಾರಾಟಕ್ಕಿಟ್ಟಿದೆಯಲ್ಲ ಮಾಲೀಕ್ರೆ, ಪೂರ್ತಿ ನೀವೇ ತಗೊಂಡ್ಬಿಡಿ" ಅಂದಿದ್ದರು.

ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೊನಾವನ್ನು ಜಾಗತಿಕ ಪಿಡುಗು ಎಂದು ಸಾರಿತು. ಪೇಟೆಯ ಭಯ ಅಳೆಯುವ ಇಂಡಿಯಾ ವಿಕ್ಸ್ ಎಂಬ ಸೂಚ್ಯಂಕವೊಂದಿದೆ. ಸಾಮಾನ್ಯ ದಿನಗಳಲ್ಲಿ 15ರ ಹತ್ತಿರ ಆಡಿಕೊಂಡಿರುವ ಅದು ಆ ತಿಂಗಳು 80 ದಾಟಿತು. ನನ್ನ ಬಿಪಿಯೂ ಜೊತೆ ಕೊಟ್ಟಿತು. ಜನತಾ ಕರ್ಫ್ಯೂವಿನ ಮರುದಿನ, 23ರ ಸೋಮವಾರ, ಪೇಟೆ ತೆರೆದು ಹತ್ತು ಗಂಟೆಯಾಗುವುದರೊಳಗೆ ಶೇ 10 ಕುಸಿದು ವಹಿವಾಟೇ ನಿಂತುಹೋಯಿತು. ನಿಯಮದ ಪ್ರಕಾರ 45 ನಿಮಿಷ ಬಂದ್. ನಾನು ಮೊಬೈಲ್ ಕೆಟ್ಟಿತು ಅಂದುಕೊಂಡೆ. ಆಫ್ ಮಾಡಿ ಆನ್ ಮಾಡಿದೆ. ಸಿಗ್ನಲ್ ಹುಡುಕುತ್ತ ತಾರಸಿ ಹತ್ತಿ, ಅಲ್ಲಿಂದ ನೀರಿನ ಟ್ಯಾಂಕ್ ಹತ್ತಿದೆ. "ಏನ್ರೀ, ತಟ್ಟೆ ಬಾರಿಸೋದು ನಿನ್ನೆಗೇ ಮುಗೀತು, ಇಳೀರಿ" ಎಂದಳು ಹೆಂಡತಿ.

ಹೂಡಿಕೆದಾರರು ಆತುರಪಡದೆ ತಣ್ಣಗೆ ಯೋಚಿಸಲಿ ಎಂದೇ ಪೇಟೆಯ ನಿಯಂತ್ರಕ ಸೆಬಿ ಈ ವಿರಾಮ ಇಟ್ಟಿರುವುದು. ಯೋಚಿಸಿದೆ. ಯೋಚಿಸಿದಷ್ಟೂ ಕೈ ನಡುಗಿತು. ಭದ್ರಾವತಿಗೆ ಫೋನ್ ಹಚ್ಚಿ, "ಭಾವ, ಇನ್ನು ಕಬ್ಬಿಣ ಯಾರು ಕೊಳ್ತಾರೆ?" ಎಂದೆ.

"ಕಬ್ಬಿಣ ಏನು ಹಳಸೋ ಪದಾರ್ಥನಾ? ಸುಮ್ನಿರಿ."

ಕುಲುಮೆ ಮುಂದೆ ಆಯಸ್ಸು ಕಳೆದವರಿಗೆ ಷೇರಿನ ಮರ್ಮ ಏನು ಗೊತ್ತು ಅಂದುಕೊಂಡು, ವಹಿವಾಟು ಶುರುವಾದ ಕೂಡಲೇ ₹30ಕ್ಕಿಂತ ಕೆಳಗೆ ಎಲ್ಲವನ್ನೂ ಮಾರಿದೆ. ಅಂದು ಸೆನ್ಸೆಕ್ಸ್ 3,935 ಅಂಶ ಕಳೆದುಕೊಂಡು 25,981ಕ್ಕೆ ನಿಂತಿತು. ಮರುದಿನವೇ ಎದ್ದು ಕೂತಿತು.

ಶಿವಮೊಗ್ಗಕ್ಕೆ ಕೊರೊನಾ ಕಾಲಿಟ್ಟದ್ದು ಮೇ ತಿಂಗಳಲ್ಲಿ. ಅಷ್ಟರಲ್ಲಿ ಪೇಟೆ ಚೇತರಿಸಿಕೊಂಡು ಓಡಾಡುತ್ತಿತ್ತು. ಇಡೀ ಜಿಲ್ಲೆಯಲ್ಲಿ ಎಲ್ಲರಿಗಿಂತ ಮೊದಲು ಮಲಗಿದವನು ನಾನೇ.

ಕಳೆದದ್ದನ್ನು ತುಂಬಿಕೊಳ್ಳಲು ಏಪ್ರಿಲ್‌ನಲ್ಲಿ ಒಂದು ಔಷಧ ಕಂಪನಿಯ ಷೇರಿಗೆ ಕೈ ಹಾಕಿದೆ. ಅಮೆರಿಕದ ಅಧ್ಯಕ್ಷರೇ ಹೈಡ್ರಾಕ್ಸಿಕ್ಲೋರೊಕ್ವಿನ್ ಕೊಡಿ ಎಂದು ದೆಹಲಿಗೆ ಫೋನ್ ಮಾಡಿದ ಮೇಲೆ ಇನ್ನೇನು ಯೋಚನೆ! ಜೂನ್‌ನಲ್ಲಿ ಬ್ರಿಟನ್ನಿನ ಪ್ರಯೋಗವೊಂದು ಆ ಮಾತ್ರೆಯಿಂದ ಕೊರೊನಾ ರೋಗಿಗಳಿಗೆ ಪ್ರಯೋಜನವಿಲ್ಲ ಎಂದಿತು. ನನಗೂ ಆಗಲಿಲ್ಲ.

2021ರ ಜನವರಿ 21ರಂದು ಸೆನ್ಸೆಕ್ಸ್ 50,000 ಮುಟ್ಟಿತು. ಆ ಮೇ ತಿಂಗಳಲ್ಲಿ, ಎರಡನೇ ಅಲೆಗೆ ಜನ ಆಮ್ಲಜನಕದ ಹಾಸಿಗೆಗಾಗಿ ಅಲೆಯುತ್ತಿದ್ದಾಗ, ಜಗತ್ತಿನ ತುಂಬ ಉಕ್ಕಿನ ಬೆಲೆ ಏರಿ ಸೇಲ್ ಷೇರು ₹100 ದಾಟಿತ್ತು. ಪೇಟೆಗೆ ಇಂದಿನ ಅಳು ಕೇಳಿಸುವುದಿಲ್ಲ, ಮುಂದಿನ ವರ್ಷದ ಲಾಭ ಕಾಣಿಸುತ್ತದೆ. ಷಡ್ಡಕರು ಫೋನ್ ಮಾಡಿ "ಹೆಂಗಿದೀರಿ, ಮಾಲೀಕ್ರೆ?" ಎಂದರು. ಆರೋಗ್ಯ ವಿಚಾರಿಸಿದ್ದಾರೆ ಎಂದೇ ತಿಳಿದವನಂತೆ, ಎರಡೂ ಡೋಸ್ ಆಗಿದೆ ಎಂದು ಉತ್ತರ ಕೊಟ್ಟೆ.

ಮುಂದೆ ಇನ್ನಾವುದಾದರೂ ಪಿಡುಗು ಬಂದು, ಪೇಟೆ ತಳ ಕಂಡಿತೋ ಇಲ್ಲವೋ ಎಂಬ ಅನುಮಾನ ಹುಟ್ಟಿದರೆ ಟಿವಿ ತಜ್ಞರನ್ನು ಕೇಳಬೇಡಿ, ನನ್ನನ್ನು ಕೇಳಿ. ನಾನು ಮಾರಿ ಮುಗಿಸಿದ್ದರೆ ನೀವು ಧೈರ್ಯವಾಗಿ ಕೊಳ್ಳಬಹುದು.