ಈಶಾನ್ಯ ಸರಿಯಿದೆ, ನೆಲವೇ ಸರಿಯಿಲ್ಲ

ಆದೋನಿಯ ಹೊರವಲಯದಲ್ಲಿ ಪ್ಲಾಟು ನೋಡಲು ಬಂದವರನ್ನು ಗುರುತಿಸುವುದು ಸುಲಭ. ಮೊಬೈಲನ್ನು ಅಂಗೈ ಮೇಲೆ ಮಲಗಿಸಿಕೊಂಡು ನಿಂತಲ್ಲೇ ಗರಗರ ತಿರುಗುತ್ತಿರುತ್ತಾರೆ. ದಿಕ್ಸೂಚಿ ನೋಡುತ್ತಿದ್ದಾರೆ. ಈಶಾನ್ಯ ಬೆಳೆದಿದೆಯೋ, ಕುಗ್ಗಿದೆಯೋ? ಎದುರಿನ ರಸ್ತೆ ಬಂದು ಗುದ್ದುತ್ತದೆಯೋ? ಕಾಲಡಿಯ ಮಣ್ಣನ್ನು ಒಬ್ಬನೂ ನೋಡುವುದಿಲ್ಲ. ಚಪ್ಪಲಿಗೆ ಅಂಟಿದಾಗ ಬೈಯುತ್ತಾರೆ, ಅಷ್ಟೆ.

ಅಂಟುವುದು ಎರೆ ಮಣ್ಣು. ಈ ಊರನ್ನು ಸಾಕಿದ್ದೇ ಅದು. ಆದೋನಿಯ ಹತ್ತಿ ಮಾರುಕಟ್ಟೆ, ಜಿನ್ನಿಂಗ್ ಮಿಲ್ಲು, ಎಣ್ಣೆ ಗಿರಣಿ ಎಲ್ಲ ಅದರ ಕೃಪೆ. ಹತ್ತಿಗೆ ಅದು ತಾಯಿ, ಮನೆಗೆ ಮಾರಿ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ಏಪ್ರಿಲಿನಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಮೇಲೆ ಕೂತ ಗೋಡೆಯೂ ಅದರ ಜೊತೆ ಏಳುತ್ತದೆ, ಇಳಿಯುತ್ತದೆ, ಒಂದು ದಿನ ಸೀಳುತ್ತದೆ.

ನಮ್ಮ ಅಜ್ಜಂದಿರಿಗೆ ಇದು ಗೊತ್ತಿತ್ತು. ಗರಸು, ಮಸಾರಿ, ಬಂಡೆ ಸಿಕ್ಕ ದಿಬ್ಬದ ಮೇಲೆ ಮನೆ ಕಟ್ಟಿ ಎರೆಯನ್ನು ಹೊಲಕ್ಕೆ ಬಿಟ್ಟರು. ಪಾಪ, ಅವರು ಎಂಜಿನಿಯರಿಂಗ್ ಓದಿರಲಿಲ್ಲ.

ಮೊಮ್ಮಗ ಓದಿದ್ದಾನೆ. ಎರೆ ನೆಲದಲ್ಲಿ ಮನೆ ನಿಲ್ಲಿಸಲು ದಾರಿಯಿದೆ ಎಂದು ಅವನ ಪಠ್ಯದಲ್ಲೇ ಇತ್ತು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇದಕ್ಕೆಂದೇ ತಳದಲ್ಲಿ ಗೆಡ್ಡೆಯಂತೆ ಉಬ್ಬಿದ ಪೈಲುಗಳನ್ನು ರೂಪಿಸಿತು. ಸುಮಾರು 3.5 ಮೀಟರ್ ಆಳಕ್ಕೆ ಇಳಿಸಿದರೆ ಮೇಲಿನ ಮಣ್ಣಿನ ಕುಣಿತ ಮನೆಗೆ ತಟ್ಟುವುದಿಲ್ಲ. ಬಾಂಬೆ ಐಐಟಿಯ ಪ್ರೊಫೆಸರ್ ಆರ್. ಕೆ. ಕಟ್ಟಿಯವರು ಉಬ್ಬದ ಮಣ್ಣಿನ ಪದರ ಹಾಸಿ ಎರೆಯನ್ನು ಅದುಮಿಡುವ ವಿಧಾನ ತೋರಿಸಿಕೊಟ್ಟು ದಶಕಗಳೇ ಆದವು. ಪರೀಕ್ಷೆಯಲ್ಲಿ ಇವನ್ನೆಲ್ಲ ಬರೆದು ಅಂಕ ತೆಗೆದವನು ಈಗ ಹೈದರಾಬಾದಿನಿಂದ ವಿಡಿಯೋ ಕಾಲ್ ಮಾಡಿ ಕೇಳುತ್ತಾನೆ: "ವಾಸ್ತು ಸಿದ್ಧಾಂತಿಗಳು ಏನಂದರು?"

ಮಣ್ಣು ಪರೀಕ್ಷೆ ಮಾಡಿಸಪ್ಪ ಎಂದು ನೋಡಿ. "ಅದಕ್ಕೆ ಖರ್ಚಾಗುತ್ತಲ್ಲ ಅಂಕಲ್!" ಸಿದ್ಧಾಂತಿಗೆ ಕಾರು ಕಳಿಸಿ, ಶಾಲು ಹೊದಿಸಿ, ಕವರು ಕೊಟ್ಟದ್ದು ಖರ್ಚಲ್ಲ. ಅದು ಶ್ರದ್ಧೆ.

ಶ್ರದ್ಧೆಗೆ ರೇಟು ಕಟ್ಟುವುದರಲ್ಲಿ ಲೇಔಟು ಹಾಕುವ ನಮ್ಮ ವೆಂಚರಿನವರು ನಿಸ್ಸೀಮರು. ಪೂರ್ವ ಮುಖಕ್ಕೆ ಗಜಕ್ಕೆ ಇಷ್ಟು ಹೆಚ್ಚು. ಈಶಾನ್ಯದ ಮೂಲೆಯಾದರೆ ಇನ್ನೂ ಇಷ್ಟು. ಅದೇ ಹೊಲ, ಅದೇ ಎರೆ, ಅದೇ ಬಾರದ ನೀರು. ಸೂರ್ಯ ಹುಟ್ಟುವ ಕಡೆಗೂ ದುಡ್ಡು ವಸೂಲು ಮಾಡುವ ಧೈರ್ಯ ಟಿಪ್ಪುವಿಗೂ ಬಂದಿರಲಿಲ್ಲ, ಕಂಪನಿ ಸರ್ಕಾರಕ್ಕೂ ಬಂದಿರಲಿಲ್ಲ.

ನೀರಿನ ಮಾತು ಬಂತು. ಆದೋನಿಯ ಕುಡಿಯುವ ನೀರು ತುಂಗಭದ್ರೆಯ ಕೆಳಮಟ್ಟದ ಕಾಲುವೆಯ ದಯೆ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಅಣೆಕಟ್ಟಿನ 19ನೇ ಗೇಟು ಕಿತ್ತು ಹೋದಾಗ ನಮ್ಮ ನಲ್ಲಿಗಳೂ ಬೆವರಿದವು. ಇಂಥ ಊರಲ್ಲಿ ಬೋರು ಎಲ್ಲಿ ಕೊರೆಸುತ್ತಾರೆ? ಈಶಾನ್ಯದಲ್ಲಿ. ಕೆಳಗೆ ಇರುವುದು ಗ್ರಾನೈಟು. ನೀರು ಅದರ ಬಿರುಕುಗಳಲ್ಲಿದೆ. ಬಿರುಕು ಯಾವ ಮೂಲೆಯಲ್ಲಿ ಹಾಯಬೇಕೆಂದು ಬಂಡೆಗೆ ಯಾರೂ ಹೇಳಿಕೊಟ್ಟಿಲ್ಲ. ಬೋರು ಒಣಗಿತು. ಬೋರು ಒಣಗಿದರೂ ವಾಸ್ತು ಸರಿಯಿದೆ. ಟ್ಯಾಂಕರು ಈಶಾನ್ಯದ ಗೇಟಿನಿಂದಲೇ ಒಳಗೆ ಬರುತ್ತದೆ.

ಮತ್ತೊಂದು ಚಮತ್ಕಾರ ಗಮನಿಸಿ. ಜಾಗದ ಬಣ್ಣ ಬಯಲಾಗುವುದು ಮಳೆಗಾಲದಲ್ಲಿ. ಹಳ್ಳ ಎಲ್ಲಿ ಹರಿಯುತ್ತಿತ್ತು, ನೀರು ಎಲ್ಲಿ ನಿಲ್ಲುತ್ತದೆ, ವೆಂಚರಿನವನು ಯಾವ ವಂಕವನ್ನು ಮುಚ್ಚಿ 40 ಅಡಿ ರಸ್ತೆ ಎಂದು ಸುಣ್ಣ ಎಳೆದಿದ್ದಾನೆ, ಎಲ್ಲ ಕಾಣುವುದು ಆಗಲೇ. ಆದರೆ ಆಷಾಢದಲ್ಲಿ ಪ್ಲಾಟು ನೋಡಬಾರದು. ಭಾದ್ರಪದವೂ ಶೂನ್ಯ ಮಾಸ. ಫಾಲ್ಗುಣ, ವೈಶಾಖ ಶ್ರೇಷ್ಠ. ಆಗ ಇಡೀ ಜಿಲ್ಲೆಯಲ್ಲಿ ಒಂದು ಹನಿ ನೀರಿರುವುದಿಲ್ಲ. ಕೆರೆಯ ಅಂಗಳವೂ ಬಂಗಾರದಂಥ ಲೇಔಟಾಗಿ ಹೊಳೆಯುತ್ತದೆ. ಪಂಚಾಂಗವೂ ಬ್ರೋಕರೂ ಇಷ್ಟು ಹೊಂದಿಕೊಂಡಿರುವ ಸಂಸಾರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಜನರನ್ನೇ ಏಕೆ ಬೈಯಬೇಕು? ನಮ್ಮ ರಾಜ್ಯದ ಕಥೆಯನ್ನೇ ನೋಡಿ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯನ್ನು ಕೊಯ್ದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಟ್ಟರು. ಅಕ್ಕ ಸಿರುಗುಪ್ಪದಲ್ಲಿ, ತಂಗಿ ಕೌತಾಳದಲ್ಲಿ, ನಡುವೆ ಗಡಿ. ಇರಲಿ. ನಮ್ಮನ್ನು ಕರೆತಂದ ರಾಜ್ಯಕ್ಕಾದರೂ ಮನೆಯಿತ್ತೇ? ಇರಲಿಲ್ಲ. ಕರ್ನೂಲಿನಲ್ಲಿ ಸರ್ಕಾರ ಡೇರೆ ಹೊಡೆದುಕೊಂಡು ಕೂತಿತ್ತು. ಮೂರು ವರ್ಷಕ್ಕೆ ಗಂಟುಮೂಟೆ ಕಟ್ಟಿ ಹೈದರಾಬಾದಿಗೆ ನಡೆಯಿತು. 2014ರಲ್ಲಿ ಆ ಮನೆಯೂ ಬೇರೆಯಾದ ತಮ್ಮನ, ಅಂದರೆ ತೆಲಂಗಾಣದ, ಪಾಲಾಯಿತು.

ಮತ್ತೆ ಪ್ಲಾಟಿನ ಹುಡುಕಾಟ. ಕೇಂದ್ರ ನೇಮಿಸಿದ ಶಿವರಾಮಕೃಷ್ಣನ್ ಸಮಿತಿ 2014ರ ಆಗಸ್ಟಿನಲ್ಲಿ ವರದಿ ಕೊಟ್ಟಿತು. ವಿಜಯವಾಡ-ಗುಂಟೂರು ನಡುವಿನ ಫಲವತ್ತಾದ ನೆಲದ ಮೇಲೆ ದೈತ್ಯ ರಾಜಧಾನಿ ಬೇಡ, ಕಚೇರಿಗಳನ್ನು ರಾಜ್ಯದ ತುಂಬ ಹಂಚಿ ಎಂದಿತು. ಅದೇ ಮಣ್ಣು ಪರೀಕ್ಷೆಯ ವರದಿ. ಅದನ್ನು ಏನು ಮಾಡುತ್ತಾರೆ? ಮೇಲೆ ಹೇಳಿದ ಮೊಮ್ಮಗ ಮಾಡಿದ್ದನ್ನೇ ಮಾಡಿದರು. ಕೃಷ್ಣೆಯ ದಂಡೆಯಲ್ಲೇ 29 ಹಳ್ಳಿಗಳ 33,000ಕ್ಕೂ ಹೆಚ್ಚು ಎಕರೆ ಕೂಡಿಹಾಕಿದರು. ಸಿಂಗಪುರದವರಿಂದ ನಕ್ಷೆ ಬರೆಸಿದರು. ನಕ್ಷೆ ವಾಸ್ತುವಿಗೆ ತಕ್ಕಂತಿದೆ ಎಂದು ಹೆಮ್ಮೆಯಿಂದ ಸಾರಿದರು. 2015ರ ಅಕ್ಟೋಬರ್ 22, ವಿಜಯದಶಮಿ, ಪ್ರಧಾನಿ ಬಂದರು. ಸಂಸತ್ತಿನ ಮಣ್ಣು ತಂದರು, ಯಮುನೆಯ ನೀರು ತಂದರು. ಜನ ದುಡ್ಡಿನ ಚೀಲ ತರುತ್ತಾರೆಂದು ಕಾದಿದ್ದರು.

ದಿನ ಒಳ್ಳೆಯದು, ದಿಕ್ಕು ಒಳ್ಳೆಯದು, ಮಣ್ಣು ನೀರು ದಿಲ್ಲಿಯದು. 2019ರಲ್ಲಿ ಸರ್ಕಾರ ಬದಲಾಯಿತು, ಕೆಲಸ ನಿಂತಿತು. ಡಿಸೆಂಬರಿನಲ್ಲಿ ಹೊಸ ಯಜಮಾನ ಜಗನ್ ವಿಧಾನಸಭೆಯಲ್ಲಿ ಮೂರು ರಾಜಧಾನಿಯ ಮಾತೆತ್ತಿದರು. ಅಡುಗೆಮನೆ ವಿಶಾಖಪಟ್ಟಣದ ಸಮುದ್ರದ ದಂಡೆಗೆ, ಪಡಸಾಲೆ ಅಮರಾವತಿಗೆ, ಜಗಳ ಬಗೆಹರಿಸುವ ಜಗುಲಿ ನಮ್ಮ ಕರ್ನೂಲಿಗೆ. 2020ರಲ್ಲಿ ಕಾಯ್ದೆ ಮಾಡಿದರು, 2021ರ ನವೆಂಬರಿನಲ್ಲಿ ಹಿಂದಕ್ಕೆ ತೆಗೆದುಕೊಂಡರು. ಅಷ್ಟರಲ್ಲಿ 'ಹೈಕೋರ್ಟಿಗೆ ಹತ್ತೇ ನಿಮಿಷ' ಎಂದು ಪ್ಲಾಟು ಕೊಂಡವರು ಕೊಂಡಿದ್ದರು. ಕೋರ್ಟು ಬರಲಿಲ್ಲ. ಹತ್ತು ನಿಮಿಷ ಇನ್ನೂ ಮುಗಿದಿಲ್ಲ.

ಅತ್ತ ಅಮರಾವತಿಯಲ್ಲಿ ಸಚಿವಾಲಯದ ಗೋಪುರಗಳಿಗೂ ಹೈಕೋರ್ಟಿಗೂ ಹಾಕಿದ್ದ ಅಡಿಪಾಯ ವರ್ಷಗಟ್ಟಲೆ ನೀರಲ್ಲಿ ಮುಳುಗಿತ್ತು. 2024ರಲ್ಲಿ ಹಳೆಯ ಯಜಮಾನರು ಮರಳಿದರು. ಆಗ ಯಾರನ್ನು ಕರೆಸಿದರು? ಸಿದ್ಧಾಂತಿಯನ್ನಲ್ಲ. ಐಐಟಿಯ ಎಂಜಿನಿಯರುಗಳನ್ನು. ಅಡಿಪಾಯ ಗಟ್ಟಿಯಿದೆಯೇ ನೋಡಿ ಹೇಳಿ ಎಂದರು. 2025ರ ಮೇ 2ರಂದು ಅದೇ ಪ್ರಧಾನಿ ಅದೇ ಜಾಗಕ್ಕೆ ಮತ್ತೆ ಬಂದರು, ಅದೇ ರಾಜಧಾನಿಯ ಕೆಲಸಕ್ಕೆ ಮತ್ತೆ ಚಾಲನೆ ಕೊಟ್ಟರು. ಒಂದು ಮನೆ, ಎರಡು ಭೂಮಿಪೂಜೆ. ಗೃಹಪ್ರವೇಶದ ಊಟಕ್ಕೆ ನಾವಿನ್ನೂ ಕಾಯುತ್ತಿದ್ದೇವೆ.

ಪಕ್ಕದ ತೆಲಂಗಾಣದಲ್ಲಿ ವಾಸ್ತು ಸರಿಯಿಲ್ಲವೆಂದು ಮುಖ್ಯಮಂತ್ರಿಯಾಗಿದ್ದ ಕೆಸಿಆರ್ ಸಚಿವಾಲಯದ ಮೆಟ್ಟಿಲೇ ಹತ್ತುತ್ತಿರಲಿಲ್ಲ. 2020ರಲ್ಲಿ ಕೆಡವಿಸಿ, ಹೊಸದು ಕಟ್ಟಿಸಿ, 2023ರ ಏಪ್ರಿಲ್ 30ರಂದು ಒಳಗೆ ಕಾಲಿಟ್ಟರು. ಡಿಸೆಂಬರಿನಲ್ಲಿ ಜನ ಹೊರಗೆ ಕಳಿಸಿದರು. ಬೆಂಗಳೂರಿನಲ್ಲಿ ಸಿದ್ದರಾಮಯ್ಯ 2023ರ ಜೂನಿನಲ್ಲಿ ವಿಧಾನಸೌಧದ ತಮ್ಮ ಕೊಠಡಿಯ ಮುಚ್ಚಿದ್ದ ದಕ್ಷಿಣದ ಬಾಗಿಲು ತೆಗೆಸಿದರು. ಭಲೇ ಎಂದೆವು. ಮರುವರ್ಷ ಅವರಿಗೆ ತಲೆನೋವು ತಂದದ್ದು ಬಾಗಿಲಲ್ಲ, ಮೈಸೂರಿನ ಸೈಟುಗಳು. ಮೈಸೂರು ಬೆಂಗಳೂರಿಗೆ ನೈಋತ್ಯದಲ್ಲಿದೆ. ಸಿದ್ಧಾಂತಿಗಳು ಈ ಸಾಲನ್ನು ಕತ್ತರಿಸಿಟ್ಟುಕೊಳ್ಳಲಿ.

ಕಾಗದಪತ್ರದ ಸಂಗತಿ ಕೇಳಲೇಬೇಡಿ. ಜೊನ್ನಗಿರಿ, ತುಗ್ಗಲಿ ಕಡೆ ಮುಂಗಾರಿನ ಮೊದಲ ಮಳೆ ಬಿದ್ದರೆ ಜನ ಹೊಲದಲ್ಲಿ ವಜ್ರ ಹುಡುಕುತ್ತಾರೆ. ಒಬ್ಬಿಬ್ಬರಿಗೆ ಸಿಗುತ್ತದೆ ಕೂಡ. ಈ ಸೀಮೆಯ ನೆಲದಲ್ಲಿ ವಜ್ರ ಸಿಗುತ್ತದೆ, ತಕರಾರಿಲ್ಲದ ದಾಖಲೆ ಸಿಗುವುದಿಲ್ಲ. ಪಟ್ಟಾದಾರ್ ಪಾಸ್‌ಬುಕ್ಕಿನ ಮೇಲೆ ಜಗನ್ ಫೋಟೊ ಬಂತು. ಅಜ್ಜ ಬಿಟ್ಟು ಹೋದ ಹೊಲ, ಅದರ ಮೇಲೆ ಮುಖ್ಯಮಂತ್ರಿಯ ನಗು! ಸರ್ವೆ ಕಲ್ಲಿನ ಮೇಲೂ ಅವರದೇ ಗುರುತು. ಈಗ ಅವನ್ನು ಅಳಿಸುವುದೇ ಇನ್ನೊಂದು ಸರ್ಕಾರಿ ಕಾರ್ಯಕ್ರಮ. 2022ರ ಭೂ ಹಕ್ಕು ಕಾಯ್ದೆ 2024ರಲ್ಲಿ ರದ್ದಾಯಿತು. ನೀವು ನೋಡಿಟ್ಟ ಪ್ಲಾಟಿನ ಸರ್ವೆ ನಂಬರು ನಿಷೇಧಿತ 22-ಎ ಪಟ್ಟಿಯಲ್ಲಿದೆಯೋ, ಬಡವನಿಗೆ ಕೊಟ್ಟ ಅಸೈನ್‌ಮೆಂಟ್ ಜಮೀನೋ ಎಂದು ಕೇಳಿ ನೋಡಿ. ಬ್ರೋಕರ ಮುಖವೇ ಕಪ್ಪಿಡುತ್ತದೆ. "ನಮ್ಮ ಮೇಲೆ ನಂಬಿಕೆ ಇಲ್ಲವಾ ಸಾರ್?"

ನಂಬಿಕೆ ಏಕಿಲ್ಲ, ಇದೆ. ಅಕ್ರಮ ಲೇಔಟನ್ನು ಸರ್ಕಾರ ಸಕ್ರಮ ಮಾಡಿಯೇ ತೀರುತ್ತದೆ ಎಂಬ ನಂಬಿಕೆ. 2007ರಲ್ಲಿ ಮಾಡಿತು, 2020ರಲ್ಲಿ ಮಾಡಿತು, 2025ರಲ್ಲಿ ಮತ್ತೆ ಮಾಡಿತು. ಮಕ್ಕಳು ಆಡಲು ಜಾಗ ಬಿಟ್ಟಿಲ್ಲವೇ? ದುಡ್ಡು ಕಟ್ಟಿ. ಆಟದ ಬಯಲು ಬೇಕಾದವರು ಆ ರಸೀದಿಯ ಮೇಲೆ ಕ್ರಿಕೆಟ್ ಆಡಬಹುದು. ನಿಯಮದಂತೆ ರಸ್ತೆ, ಚರಂಡಿ, ಪಾರ್ಕು ಬಿಟ್ಟು ಲೇಔಟ್ ಮಾಡಿದ ಪುಣ್ಯಾತ್ಮ ಯಾರಾದರೂ ಇದ್ದರೆ, ಅವನೇ ಈ ಯೋಜನೆಗಳಿಂದ ನಷ್ಟಕ್ಕೊಳಗಾದ ಏಕೈಕ ಫಲಾನುಭವಿ.

ರಾಯರ ಹೆಸರನ್ನೂ ಬಿಟ್ಟಿಲ್ಲ. ಮಂತ್ರಾಲಯದ ದಾರಿಯುದ್ದಕ್ಕೂ ವೆಂಚರು. ಪ್ರತಿ ಬೋರ್ಡಿನಲ್ಲೂ ಬೃಂದಾವನದ ಚಿತ್ರ. ಆದೋನಿಯ ನವಾಬ ಸಿದ್ದಿ ಮಸೂದ್ ಖಾನ್ ಫಲವತ್ತಾದ ಊರು ಕೊಡಲು ಬಂದಾಗ ರಾಘವೇಂದ್ರ ಸ್ವಾಮಿಗಳು ಬೇಡವೆಂದು ಬರಡು ಮಂಚಾಲೆಯನ್ನು ಕೇಳಿದರು ಎಂಬುದು ನಮಗೆಲ್ಲ ಗೊತ್ತಿರುವ ಕಥೆ. ಅವರು ಮುಖ ಯಾವ ದಿಕ್ಕೆಂದು ಕೇಳಲಿಲ್ಲ, ಮುಂದೆ ರೇಟು ಏರುತ್ತದೆಯೇ ಎಂದೂ ಕೇಳಲಿಲ್ಲ. 1671ರಲ್ಲಿ ಅಲ್ಲೇ ಬೃಂದಾವನಸ್ಥರಾದರು. ಇಂದು ಅದೇ ಬೃಂದಾವನದ ಚಿತ್ರ ಹಾಕಿದ ಲೇಔಟಿಗೆ ಹೋದವರು ಈಶಾನ್ಯ ಕೇಳಿದ ಮೇಲೆ ಕೇಳುವ ಎರಡನೇ ಪ್ರಶ್ನೆ: "ಪಕ್ಕದ ಪ್ಲಾಟು ಯಾರದು? ನಮ್ಮವರೇ ತಾನೆ?" ಮಂತ್ರಾಲಯಕ್ಕೆ ಜಾಗ ಕೊಟ್ಟ ನವಾಬನೇ ಇವತ್ತು ಬಂದರೂ ಅವನಿಗೆ ಅಲ್ಲಿ ಒಂದು ಮೂಲೆ ಸೈಟು ಸಿಕ್ಕುವುದು ಕಷ್ಟ.

2009ರ ಅಕ್ಟೋಬರ್ ಆರಂಭದಲ್ಲಿ ತುಂಗಭದ್ರೆ ಉಕ್ಕಿ ಮಠ, ಊರು, ವಸತಿಗೃಹ ಎಲ್ಲವನ್ನೂ ಮುಳುಗಿಸಿದ್ದು ಯಾವ ಬ್ರೋಷರಿನಲ್ಲೂ ಇಲ್ಲ. 'ನದಿಗೆ ನಡೆದು ಹೋಗುವಷ್ಟು ಹತ್ತಿರ' ಎಂದು ಮಾತ್ರ ಇದೆ. ಆ ವರ್ಷ ನದಿಯೇ ನಡೆದು ಬಂದಿತ್ತು.

ಇನ್ನು ವಾಸ್ತುವಿನ ಕಾಟವೇ ಇಲ್ಲದ ಪುಣ್ಯವಂತರೂ ಇದ್ದಾರೆ. ಬಡವರು. 2020ರ ಡಿಸೆಂಬರ್ 25ರಿಂದ ರಾಜ್ಯದಲ್ಲಿ 30 ಲಕ್ಷ ಮಹಿಳೆಯರ ಹೆಸರಿಗೆ ನಿವೇಶನ ಹಂಚುವ ಕಾರ್ಯಕ್ರಮ ನಡೆಯಿತು. ಪಟ್ಟಣದಲ್ಲಿ ಒಂದು ಸೆಂಟು, ಹಳ್ಳಿಯಲ್ಲಿ ಒಂದೂವರೆ. ಒಂದು ಸೆಂಟೆಂದರೆ 435 ಚದರ ಅಡಿ. ಅದರಲ್ಲಿ 340 ಚದರ ಅಡಿಯ ಮನೆ. ಈಶಾನ್ಯ ಬೆಳೆಸಲು ಅಲ್ಲಿ ಜಾಗವೆಲ್ಲಿ? ಮುಖ ಪಶ್ಚಿಮವೋ ದಕ್ಷಿಣವೋ, ಕೊಟ್ಟದ್ದನ್ನು ತೆಗೆದುಕೊಂಡು ಕೈ ಮುಗಿದರು. ಐದು ಸೆಂಟಿಗಿಂತ ಕಡಿಮೆ ಇರುವವರನ್ನು ಅಷ್ಟದಿಕ್ಪಾಲಕರು ಲೆಕ್ಕಕ್ಕೇ ಹಿಡಿಯುವುದಿಲ್ಲವೋ ಏನೋ. ಕೋಸಿಗಿ, ಕೌತಾಳ, ಹೊಳಗುಂದದ ಕಡೆ ಮಳೆ ಕೈಕೊಟ್ಟರೆ ಅರ್ಧ ಊರೇ ಬೀಗ ಹಾಕಿ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿಗೆ ಗಾರೆ ಹೊರಲು ಗುಳೆ ಹೋಗುತ್ತದೆ. ಬೆಂಗಳೂರಿನ ಪೂರ್ವ ಮುಖದ ಮನೆಗಳಿಗೆಲ್ಲ ಮಣ್ಣು ಹೊತ್ತವರು ಇವರು. ತಮ್ಮದು ಯಾವ ಮುಖವೆಂದು ಕೇಳಿದರೆ "ರಸ್ತೆ ಕಡೆ" ಅನ್ನುತ್ತಾರೆ.

ಈಗ ಹೊಸ ಅಲೆ ಎದ್ದಿದೆ. ಆದೋನಿ ಜಿಲ್ಲೆಯಾಗಬೇಕೆಂಬ ಕೂಗು. ಬೇಡಿಕೆ ನ್ಯಾಯವಾದದ್ದೇ. ಕರ್ನೂಲಿನ ಕಚೇರಿಗೆ ಅಲೆದು ಚಪ್ಪಲಿ ಸವೆಸಿದವರಿಗೆ ಗೊತ್ತು. ಆದರೆ ಧರಣಿ ಕೂತವರ ಟೆಂಟಿಗಿಂತ ಮೊದಲು ಬ್ರೋಕರ ಟೆಂಟು ಎದ್ದಿದೆ. ಕಲೆಕ್ಟರ ಕಚೇರಿ ಎಲ್ಲಿ ಬರುತ್ತದೆಂದು ಸರ್ಕಾರಕ್ಕೆ ಗೊತ್ತಿಲ್ಲ, ಜಿಲ್ಲೆ ಆಗುತ್ತದೆಯೋ ಎಂಬುದೂ ಗೊತ್ತಿಲ್ಲ, ಇವರಿಗೆ ಮಾತ್ರ ಸರ್ವೆ ನಂಬರು ಸಮೇತ ಗೊತ್ತು. ಜನ ಅಡ್ವಾನ್ಸು ಕೊಟ್ಟು ಬರುತ್ತಿದ್ದಾರೆ.

ಕೊಡಲಿ, ಕಟ್ಟಲಿ. ಮೂರನೇ ಬೇಸಿಗೆಗೆ ಹಾಲಿನ ಗೋಡೆಯಲ್ಲಿ ಬಿರುಕು ಕಾಣಿಸುತ್ತದೆ, ಕಿಟಕಿಯ ಮೂಲೆಯಿಂದ ಸೂರಿನವರೆಗೆ ಓರೆಯಾಗಿ. ಮೇಸ್ತ್ರಿ ಬಂದು ಸಿಮೆಂಟು ಮೆತ್ತುತ್ತಾನೆ. ಮಳೆಗಾಲಕ್ಕೆ ಮುಚ್ಚಿಕೊಳ್ಳುತ್ತದೆ, ನಾಲ್ಕನೇ ಬೇಸಿಗೆಗೆ ಇನ್ನಷ್ಟು ಅಗಲವಾಗಿ ತೆರೆದುಕೊಳ್ಳುತ್ತದೆ. ಮನೆಯವರು ಗಾಬರಿಯಾಗಿ ಫೋನ್ ಮಾಡುತ್ತಾರೆ. ಸಿದ್ಧಾಂತಿಗಳು ಕಾರಿಳಿದು ಬಿರುಕು ನೋಡಿ ಗಂಭೀರವಾಗಿ ತಲೆಯಾಡಿಸುತ್ತಾರೆ. ಆಗ್ನೇಯದ ಶೌಚಾಲಯ ಒಡೆಸಬೇಕಂತೆ. ಈ ಸಲದ ಫೀಸು ಬೇರೆ.