ನಿಗದಿತ ವೇಳೆಗೆ ಸುರಿಯದ ಜಲಪಾತಕ್ಕೆ ಬಹಿರಂಗ ಪತ್ರ

ಇವರಿಗೆ,
ಹೆಪೊಕೊಂಗಾಸ್ ಜಲಪಾತ,
ಹೇನಿಯೋಕಿ ನದಿ, ಪುವೊಲಾಂಕಾ,
ಕೈನೂ ಪ್ರಾಂತ, ಫಿನ್ಲೆಂಡ್.

ವಿಷಯ: ಪ್ರವಾಸಿಗರ ನಿರೀಕ್ಷೆಗಳನ್ನು ಪೂರೈಸುವಲ್ಲಿ ಸದರಿ ಜಲಪಾತವು ತೋರುತ್ತಿರುವ ಅಸಡ್ಡೆಯ ಕುರಿತು.

ಮಾನ್ಯರೇ,

ಅಲಾಸ್ಕಾದಿಂದ ಹೊರಟು ಕೆನಡಾ, ಸ್ಕ್ಯಾಂಡಿನೇವಿಯಾಗಳನ್ನು ಹಾದು ಸೈಬೀರಿಯಾದ ಪೂರ್ವದಂಚಿನವರೆಗೆ ಹಬ್ಬಿರುವ, ಸ್ಪ್ರೂಸ್ ಮತ್ತು ಪೈನ್‌ನಂಥ ಸೂಚಿಪರ್ಣಿ ಮರಗಳೇ ಪ್ರಧಾನವಾಗಿರುವ ಶೀತವಲಯದ ಕಾಡುಪಟ್ಟಿಯನ್ನು ಭೂಗೋಳಶಾಸ್ತ್ರಜ್ಞರು ಬೋರಿಯಲ್ ಅರಣ್ಯವೆಂದೂ ರಷ್ಯನ್ನರು ತೈಗಾ ಎಂದೂ ಕರೆಯುತ್ತಾರೆ. ಜಗತ್ತಿನ ಒಟ್ಟು ಅರಣ್ಯದಲ್ಲಿ ಕಾಲುಭಾಗಕ್ಕೂ ಮಿಗಿಲಾದ ಈ ಪಟ್ಟಿಯಲ್ಲಿ ಸ್ಥಳಾಭಾವವೆಂಬ ನೆಪ ಹೇಳುವಂತಿಲ್ಲ. ಹೀಗಿದ್ದರೂ ಸದರಿ ಜಲಪಾತವು ವಿಮಾನ ನಿಲ್ದಾಣಕ್ಕೆ ಹತ್ತಿರವಾದ ಒಂದು ಅನುಕೂಲಕರ ನಿವೇಶನವನ್ನು ಬಿಟ್ಟು, ಉತ್ತರ ಅಕ್ಷಾಂಶ 65ರ ಆಸುಪಾಸಿನಲ್ಲಿ, ಮನುಷ್ಯರಿಗಿಂತ ಮರಗಳೇ ಹೆಚ್ಚು ಮಾತನಾಡುವ ಒಂದು ಮೂಲೆಯನ್ನು ಆರಿಸಿಕೊಂಡಿರುವುದು ಆಕಸ್ಮಿಕವಲ್ಲ, ಉದ್ದೇಶಪೂರ್ವಕ ಎಂದು ಭಾವಿಸಲು ಸಾಕಷ್ಟು ಆಧಾರಗಳಿವೆ.

ಎತ್ತರದ ವಿಚಾರವನ್ನು ಬೇಗ ಮುಗಿಸಬಹುದು, ಏಕೆಂದರೆ ಎತ್ತರವೇ ಅಷ್ಟಾಗಿಲ್ಲ. ಕೇವಲ 24 ಮೀಟರ್ ಬಿದ್ದು ಫಿನ್ಲೆಂಡಿನ ಎತ್ತರದ ಜಲಪಾತಗಳ ಸಾಲಿಗೆ ಸೇರಿಕೊಂಡಿರುವುದನ್ನು ಎದುರಾಳಿಗಳಿಲ್ಲದ ಚುನಾವಣೆಯ ಅವಿರೋಧ ಆಯ್ಕೆಯೆಂದೇ ಪರಿಗಣಿಸಬೇಕಾಗುತ್ತದೆ. ಈ ನಾಡಿನ ತಳಶಿಲೆ ಬಹು ಪುರಾತನವಾದುದರಿಂದ ಬೆಟ್ಟಗಳೆಲ್ಲ ಸವೆದುಹೋಗಿದ್ದವೆಂದೂ, ಉಳಿದದ್ದನ್ನು ಹಿಮಯುಗದ ಕಿಲೋಮೀಟರುಗಟ್ಟಲೆ ದಪ್ಪದ ಹಿಮಹಾಸು ಉಜ್ಜಿ ನುಣುಪುಗೊಳಿಸಿ ಸುಮಾರು 10,000 ವರ್ಷಗಳ ಹಿಂದೆ ಕರಗಿಹೋಯಿತೆಂದೂ, ಆದ್ದರಿಂದ ನೀರಿಗೆ ಬೀಳಲು ಇಷ್ಟಾದರೂ ಎಡೆ ಸಿಕ್ಕಿದ್ದೇ ದೊಡ್ಡದೆಂದೂ ಭೂವಿಜ್ಞಾನಿಗಳು ಜಲಪಾತದ ಪರವಾಗಿ ವಾದಿಸುವರು. ಆದರೆ 253 ಮೀಟರಿನ ಜೋಗವನ್ನು ಶಾಲಾ ಪ್ರವಾಸದಲ್ಲಿಯೇ ನೋಡಿ ಮುಗಿಸಿದ ಕನ್ನಡಿಗರೊಬ್ಬರು ಅಷ್ಟು ದೂರ ಬಂದು ನಿಂತು ‘ಇಷ್ಟೇನಾ?’ ಎಂದರೆ, ಅವರೆದುರು ಹಿಮಯುಗದ ಕಥೆ ಹೇಳುವುದು ಸಮಜಾಯಿಷಿಯಾಗಲಾರದು. ಇದಕ್ಕಿಂತ ಗಂಭೀರವಾದ ಲೋಪವೆಂದರೆ ಇಲ್ಲಿ ಟಿಕೆಟ್ ಕೌಂಟರ್ ಇಲ್ಲದಿರುವುದು. ನೆಲದ ಒಡೆತನ ಯಾರದೇ ಇರಲಿ, ಯಾರು ಬೇಕಾದರೂ ಕಾಡಿನಲ್ಲಿ ನಡೆಯಬಹುದು, ಹಣ್ಣು ಅಣಬೆಗಳನ್ನು ಆಯ್ದುಕೊಳ್ಳಬಹುದು ಎಂಬ, ಫಿನ್ಲೆಂಡಿನಲ್ಲಿ ‘ಪ್ರತಿಯೊಬ್ಬರ ಹಕ್ಕು’ ಎಂದು ಕರೆಯಲಾಗುವ ಹಳೆಯ ಪದ್ಧತಿಯ ಫಲವಾಗಿ, ಪ್ರವಾಸಿಗರು ಏನನ್ನೂ ತೆರುವುದಿಲ್ಲ. ತೆರದ ಕಾರಣ ಹಣ ವಾಪಸು ಕೇಳುವ ಮೂಲಭೂತ ಸುಖದಿಂದಲೂ ವಂಚಿತರಾಗಿದ್ದಾರೆ.

ಜಲಪಾತದ ಈ ಧೋರಣೆಗೆ ಊರಿನ ಕುಮ್ಮಕ್ಕೂ ಇರುವಂತಿದೆ. ವರ್ಷದಿಂದ ವರ್ಷಕ್ಕೆ ಜನಸಂಖ್ಯೆ ಕುಗ್ಗಿ, ಉಳಿದವರ ಸರಾಸರಿ ವಯಸ್ಸು ಏರುತ್ತಿರುವ ಪುವೊಲಾಂಕಾದವರು, ಬೇರೆ ಊರುಗಳಂತೆ ‘ಸುಸ್ವಾಗತ’ದ ಕಮಾನು ಕಟ್ಟುವುದನ್ನು ಬಿಟ್ಟು, ನಿರಾಶಾವಾದವನ್ನೇ ಊರಿನ ಲಾಂಛನವಾಗಿ ಮಾಡಿಕೊಂಡು, ಅದರ ಹೆಸರಿನಲ್ಲಿ ಸಂಘ ಕಟ್ಟಿ, ಸಂಗೀತ ನಾಟಕವನ್ನೂ ಆಡಿ, ಮುಂದೆ ಬರುವುದು ಪುವೊಲಾಂಕಾ, ಹಿಂತಿರುಗಲು ಇನ್ನೂ ಕಾಲ ಮಿಂಚಿಲ್ಲ ಎಂಬ ಅರ್ಥದ ಫಲಕವನ್ನು ರಸ್ತೆಯ ಬದಿಗೆ ನೆಟ್ಟಿದ್ದಾರೆ. ಪ್ರವಾಸೋದ್ಯಮದ ಇತಿಹಾಸದಲ್ಲಿ ಸತ್ಯವನ್ನು ಇಷ್ಟು ದೊಡ್ಡ ಅಕ್ಷರಗಳಲ್ಲಿ ಬರೆದ ನಿದರ್ಶನಗಳು ವಿರಳ. (ಫಲಕವನ್ನು ನೋಡಲೆಂದೇ ಜನ ಬರತೊಡಗಿರುವುದು ನಿರಾಶಾವಾದಿಗಳಿಗೆ ನಿಜವಾದ ನಿರಾಶೆ ತಂದಿರಬೇಕು.)

ಕೀಟಗಳ ಪ್ರಶ್ನೆಯನ್ನು ತುಸು ವಿಸ್ತಾರವಾಗಿ ಚರ್ಚಿಸುವುದು ಅನಿವಾರ್ಯ. ಬೋರಿಯಲ್ ಕಾಡಿನ ಸೊಳ್ಳೆಗಳು ಜೌಗಿನ ನಿಂತ ನೀರಿನಲ್ಲಿ ಹುಟ್ಟುವುದರಿಂದ ಅವುಗಳ ಹೊಣೆಯನ್ನು ಜಲಪಾತದ ತಲೆಗೆ ಕಟ್ಟಲಾಗದು. ಆದರೆ ಎಳ್ಳುಕಾಳಿನ ಗಾತ್ರದ, ಬೆನ್ನು ಗೂನಾದ, ಹಗಲಿನಲ್ಲಿಯೇ ದಾಳಿಯಿಡುವ ಕಪ್ಪುನೊಣಗಳ ವಿಷಯದಲ್ಲಿ ಸದರಿ ಜಲಪಾತವು ಕೈತೊಳೆದುಕೊಳ್ಳುವಂತಿಲ್ಲ. ಈ ನೊಣದ ಮರಿಹುಳುವಿಗೆ ಬೇಕಾದುದು ಆಮ್ಲಜನಕ ತುಂಬಿದ, ರಭಸವಾಗಿ ಹರಿಯುವ ನೀರು. ಅದು ಬಾಯಿಂದ ನೂತ ರೇಷ್ಮೆಯ ಎಳೆಯನ್ನು ಬಂಡೆಗೆ ಅಂಟಿಸಿ, ಹಿಂಬದಿಯ ಕೊಕ್ಕೆಗಳಿಂದ ಅದನ್ನು ಕಚ್ಚಿ ಹಿಡಿದು, ತಲೆಯ ಮೇಲಿನ ಬೀಸಣಿಗೆಯಂಥ ಅಂಗಗಳನ್ನು ಹೊಳೆಗೆ ಒಡ್ಡಿ, ತೇಲಿಬರುವ ಆಹಾರವನ್ನು ಸೋಸಿ ತಿನ್ನುತ್ತ ಬೆಳೆಯುತ್ತದೆ. ಬೆಳೆದು ಹಾರಿದ ಬಳಿಕ ಅದರ ಹೆಣ್ಣು, ಮೊಟ್ಟೆಗಳ ಪೋಷಣೆಗೆ ಬೇಕಾದ ರಕ್ತಕ್ಕಾಗಿ, ಕಾಲುಚೀಲದ ಅಂಚು ಮತ್ತು ಟೋಪಿಯ ಅಂಚುಗಳ ಬಗ್ಗೆ ವಿಶೇಷ ಅಧ್ಯಯನ ನಡೆಸಿದಂತೆ ವರ್ತಿಸುತ್ತದೆ. ಅಂದರೆ ಜಲಪಾತವು ತನ್ನ ಕಾವಲು ಪಡೆಯನ್ನು ತಾನೇ ಸಾಕಿಕೊಂಡಿದೆ. ಚಿತ್ರ ತೆಗೆಸಿಕೊಳ್ಳಲು ಮಂದಹಾಸ ಬೀರಬೇಕಾದವರು ಕೆನ್ನೆಗೆ ತಾವೇ ಹೊಡೆದುಕೊಳ್ಳುತ್ತಿರುವ ಭಂಗಿಯಲ್ಲಿ ಸೆರೆಯಾಗುತ್ತಿದ್ದಾರೆ. ಅತ್ತ ಆ ಮರಿಹುಳುಗಳನ್ನು ಮೀನುಗಳೂ, ನೀರಿನಡಿ ನಡೆದಾಡುವ ಡಿಪ್ಪರ್ ಎಂಬ ಪುಟ್ಟ ಹಕ್ಕಿಯೂ ಯಾವ ದೂರೂ ಇಲ್ಲದೆ ತಿನ್ನುತ್ತಿರುವುದು ಪ್ರವಾಸಿಗರ ಪ್ರಕರಣವನ್ನು ದುರ್ಬಲಗೊಳಿಸುತ್ತಿದೆ.

ನೀರಿನ ಬಣ್ಣದ ಬಗ್ಗೆಯೂ ದೂರುಗಳಿವೆ. ಪ್ರಚಾರ ಪತ್ರಿಕೆಗಳ ಸಂಪ್ರದಾಯದಂತೆ ಜಲಪಾತವು ಹಾಲಿನಂತಿರಬೇಕು ಅಥವಾ ನೀಲಿಯಾಗಿರಬೇಕು. ಇಲ್ಲಿಯಾದರೋ ಅದು ಕಂದು. ಪಾಚಿ, ಎಲೆ, ಬೇರುಗಳು ಜೌಗಿನ ಆಮ್ಲಜನಕವಿಲ್ಲದ ನೀರಿನಲ್ಲಿ, ಚಳಿಯಲ್ಲಿ ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಪದರುಪದರಾಗಿ ಕೂಡಿಕೊಂಡ ಮಣ್ಣನ್ನು ಪೀಟ್ ಎನ್ನುತ್ತಾರೆ. ಅದರಿಂದ ಜಿನುಗುವ ಹ್ಯೂಮಸ್ ಎಂಬ ಸಾವಯವ ವಸ್ತು ಹೊಳೆಗೆ ಈ ಬಣ್ಣವನ್ನೂ ಬುಡದಲ್ಲಿ ತೇಲುವ ನೊರೆಯನ್ನೂ ಕೊಡುತ್ತದೆ. ಇದು ಸಹಜವೆಂಬ ಉತ್ತರವನ್ನು ಒಪ್ಪಬಹುದಿತ್ತು, ಆದರೆ ಕಡತವನ್ನು ತಿರುವಿ ನೋಡಿದಾಗ ಮುಜುಗರದ ಸಂಗತಿಯೊಂದು ಬೆಳಕಿಗೆ ಬರುತ್ತದೆ: 20ನೆಯ ಶತಮಾನದ ಉತ್ತರಾರ್ಧದಲ್ಲಿ, ಮರ ಬೇಗ ಬೆಳೆಯಲೆಂದು, ಫಿನ್ಲೆಂಡಿನ ಪೀಟ್ ಜೌಗುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗಕ್ಕೆ ಕಾಲುವೆ ತೋಡಿ ನೀರನ್ನು ಹೊರಹಾಕಲಾಯಿತು, ಅದರಿಂದಾಗಿ ದೇಶದ ಅನೇಕ ಹೊಳೆಗಳ ಕಂದು ಬಣ್ಣವೂ ಹೂಳೂ ಹೆಚ್ಚಿದವು. ಅದಕ್ಕೂ ಹಿಂದೆ, 19ನೆಯ ಶತಮಾನದಲ್ಲಿ, ಇದೇ ಕೈನೂ ಪ್ರಾಂತದ ಪೈನ್ ಮರಗಳನ್ನು ಗುಂಡಿಗಳಲ್ಲಿ ಉರಿಸಿ ಡಾಂಬರು ಇಳಿಸಿ, ಉದ್ದನೆಯ ದೋಣಿಗಳಲ್ಲಿ ಔಲು ಬಂದರಿಗೆ ಸಾಗಿಸಿ, ಅಲ್ಲಿಂದ ಪರದೇಶಗಳ ಹಡಗುಗಳಿಗೆ ಬಳಿಯಲು ಕಳುಹಿಸಲಾಗುತ್ತಿತ್ತು. ಆದಾಗ್ಯೂ ಇಂಥ ಸೀಮೆಯ ಮಧ್ಯದ ಸಣ್ಣದೊಂದು ಸಂರಕ್ಷಿತ ತುಣುಕಿನಲ್ಲಿ ನಿಂತು, ಮರದ ತಿರುಳಿನಿಂದಲೇ ತಯಾರಾದ ಕಾಗದದ ಲೋಟದಲ್ಲಿ ಕಾಫಿ ಹೀರುತ್ತ, ‘ಮನುಷ್ಯನ ಕೈ ಸೋಕದ ಕಾಡು’ ಎಂದು ಉದ್ಗರಿಸುವ ಪ್ರವಾಸಿಗರ ಭಾವನೆಗೆ ಧಕ್ಕೆಯಾಗದಂತೆ ನೀರನ್ನು ಬೆಳ್ಳಗಾಗಿಸಿಕೊಳ್ಳುವುದು ಜಲಪಾತದ ಕರ್ತವ್ಯವಾಗಿತ್ತು.

ಸುಧಾರಣೆಗೆ ಮಾದರಿಯನ್ನು ಬೇರೆ ದೇಶದಲ್ಲಿ ಹುಡುಕಬೇಕಾಗಿಲ್ಲ. ಆಗ್ನೇಯ ಫಿನ್ಲೆಂಡಿನ ವುಒಕ್ಸಿ ನದಿಯ ಇಮಾತ್ರಾ ಪ್ರಪಾತವನ್ನು 1772ರಲ್ಲಿ ರಷ್ಯದ ಸಾಮ್ರಾಜ್ಞಿ ಕ್ಯಾಥರೀನ್ ನೋಡಿಹೋದ ಮೇಲೆ ಅದು ಯುರೋಪಿನ ಗಣ್ಯರ ಯಾತ್ರಾಸ್ಥಳವಾಯಿತು. 1842ರಲ್ಲಿ ಚಕ್ರವರ್ತಿ ಒಂದನೆಯ ನಿಕೋಲಾಸ್ ಅದರ ಪರಿಸರವನ್ನು ಹಾಗೆಯೇ ಕಾಪಾಡಬೇಕೆಂದು ಅಪ್ಪಣೆ ಮಾಡಿದನು. 1929ರ ಹೊತ್ತಿಗೆ ವಿದ್ಯುತ್ ಸ್ಥಾವರ ಬಂದು ನೀರೆಲ್ಲ ಟರ್ಬೈನುಗಳ ಪಾಲಾಯಿತು. ಇಂದು ಬೇಸಿಗೆಯಲ್ಲಿ ಗೊತ್ತುಪಡಿಸಿದ ಗಳಿಗೆಗೆ ಅಣೆಕಟ್ಟಿನ ಬಾಗಿಲು ತೆರೆದು, ಫಿನ್ಲೆಂಡಿನ ಸ್ವರಸಂಯೋಜಕ ಸಿಬೇಲಿಯಸ್‌ನ ಸಂಗೀತದ ಹಿಮ್ಮೇಳದಲ್ಲಿ ಕೆಲವು ನಿಮಿಷ ನೀರನ್ನು ಹರಿಸಿ, ಜನ ಚಪ್ಪಾಳೆ ತಟ್ಟಿದ ಬಳಿಕ ಮುಚ್ಚಲಾಗುತ್ತದೆ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಂದಿನಿಂದ (1964) ಜೋಗವು ಎಷ್ಟು ಧುಮುಕಬೇಕೆಂಬುದನ್ನು ಮಳೆಯ ಜೊತೆಗೆ ಎಂಜಿನಿಯರುಗಳೂ ಕುಳಿತು ತೀರ್ಮಾನಿಸುತ್ತಿರುವುದನ್ನು ಬಲ್ಲ ಕನ್ನಡ ಓದುಗರಿಗೆ ಈ ಶಿಸ್ತು ಅಪರಿಚಿತವೇನಲ್ಲ. ಹೆಪೊಕೊಂಗಾಸ್ ಮಾತ್ರ ಹಿಮ ಕರಗುವ ಮೇ ತಿಂಗಳಿನಲ್ಲಿ, ಕಾಲುದಾರಿಗಳೆಲ್ಲ ಕೆಸರಾಗಿ ಯಾರೂ ಬಾರದಿರುವಾಗ, ಪೂರ್ತಿ ಸಾಮರ್ಥ್ಯದಿಂದ ಗರ್ಜಿಸುತ್ತದೆ. ರಜೆಯ ಜನ ಬರುವ ಒಣ ಜುಲೈನಲ್ಲಿ ದನಿ ತಗ್ಗಿಸುತ್ತದೆ. ಚಳಿಗಾಲದಲ್ಲಿ, ಪಕ್ಕದ ಗುಡ್ಡಗಳ ಸ್ಪ್ರೂಸ್‌ಗಳು ಹಿಮದ ಭಾರಕ್ಕೆ ಗುರುತೇ ಸಿಗದಂತೆ ಬಾಗಿರುವಾಗ, ಮಂಜುಗಡ್ಡೆಯ ಹಿಂದೆ ಅವಿತುಕೊಂಡು ಸಂಪರ್ಕಕ್ಕೇ ಸಿಗುವುದಿಲ್ಲ. ಜೂನ್ ರಾತ್ರಿಗಳಲ್ಲಿ ಸೂರ್ಯನು ಸರಿಯಾಗಿ ಮುಳುಗಲೂ ಒಪ್ಪದ ಕಾರಣ ಬಣ್ಣದ ದೀಪಗಳನ್ನು ಹಾಕಿ ಶೋಭೆ ಹೆಚ್ಚಿಸುವ ಯೋಜನೆಯೂ ನನೆಗುದಿಗೆ ಬೀಳುವಂತಿದೆ.

ಆದುದರಿಂದ ಸದರಿ ಜಲಪಾತವು ತನ್ನ ಎತ್ತರ, ಬಣ್ಣ, ವೇಳಾಪಟ್ಟಿ ಮತ್ತು ನೊಣಗಳ ಬಗ್ಗೆ ಲಿಖಿತ ಸಮಜಾಯಿಷಿಯನ್ನು ಹೆಪ್ಪುಗಟ್ಟುವ ಮುನ್ನ, ಅಂದರೆ ಅಕ್ಟೋಬರ್ ತಿಂಗಳ ಅಂತ್ಯದೊಳಗೆ, ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಪ್ರವಾಸಿಗರು ಮುಂದಿನ ಬೇಸಿಗೆಯಿಂದ ಬರುವುದನ್ನು ನಿಲ್ಲಿಸುವ ಕಠಿಣ ಕ್ರಮಕ್ಕೆ ಮುಂದಾಗಬೇಕಾಗುವುದೆಂದು ತಿಳಿಸಲಾಗಿದೆ. ಈ ಎಚ್ಚರಿಕೆಯನ್ನು ಜಲಪಾತವು ಬಹುಮಾನವೆಂದು ತಪ್ಪಾಗಿ ಅರ್ಥೈಸಿಕೊಳ್ಳಬಾರದಾಗಿ ಕೋರಿದೆ.

ತಮ್ಮ ವಿಶ್ವಾಸಿಗಳು,
ಸಮಸ್ತ ಪ್ರವಾಸಿಗರ ಪರವಾಗಿ

ಪ್ರತಿ: ಮಾಹಿತಿಗಾಗಿ, ಪುವೊಲಾಂಕಾದ ನಿರಾಶಾವಾದಿಗಳಿಗೆ, ಸೂಕ್ತ ಕ್ರಮಕ್ಕಾಗಿ, ಕಪ್ಪುನೊಣಗಳಿಗೆ.