ಸತುವಿನ ಕಲ್ಲುತೇರು

ಗದಗಿನ ಹಳೆಯ ಮುದ್ರಣಾಲಯವೊಂದರ ಅಟ್ಟದ ಮೇಲೆ, ಸವೆದ ಅಚ್ಚುಮೊಳೆಗಳ ನಡುವೆ ಅಂಗೈ ಅಗಲದ ಬ್ಲಾಕೊಂದು ಧೂಳು ತಿನ್ನುತ್ತ ಕೂತಿದೆ. ಕಟ್ಟಿಗೆಯ ಬುಡ, ಸತುವಿನ ಮೈ, ಮೈಮೇಲೆ ಹಂಪಿಯ ಕಲ್ಲಿನ ರಥ, ಅದೂ ಉಲ್ಟಾ.

ಅಜ್ಜಾರ, ಎಷ್ಟು ಅಂಗಡಿಗೆ ಲೋಗೋ ಆಗೀರಿ?

ಲೆಕ್ಕ ಯಾರಿಟ್ಟಾರ ತಮ್ಮಾ? ಮುಂಡರಗಿ ಗೊಬ್ಬರದ ಅಂಗಡಿ, ಶಿರಹಟ್ಟಿ ಲಾರಿ ಆಫೀಸು, ಲಕ್ಷ್ಮೇಶ್ವರದ ಖಾನಾವಳಿ. ಹೆಸರು ಬ್ಯಾರೆ, ರಥ ನಾನ. ಬೆಟಗೇರ್ಯಾಗ ಎದುರಾಬದುರಾ ಇದ್ದ ಎರಡು ಚಾದಂಗಡಿಗೆ ಒಂದ ದಿನ ಒತ್ತಿದ್ರು. ಇಬ್ಬರೂ ‘ನಮ್ಮದ ಒರಿಜಿನಲ್’ ಅಂತ ಜಗಳಕ್ಕ ನಿಂತ್ರು.

ಒರಿಜಿನಲ್ ಹಂಪಿ ವಿಠ್ಠಲ ಗುಡಿ ಮುಂದ ಐತೆಲ್ರಿ?

ಅದರ ಕತಿ ಕೇಳು. ಅದು ತೇರ ಅಲ್ಲ, ತೇರಿನ ಆಕಾರದ ಗರುಡನ ಗುಡಿ. ಮುಂದಿನ ಆನಿ ಅದರವಲ್ಲ. ಮೊದಲ ಕುದುರಿ ಇದ್ದವು. ಅವುಗಳ ಬಾಲ, ಹಿಂಗಾಲು ಆನಿ ಹಿಂದ ಇನ್ನೂ ಕಾಣ್ತಾವು. ಮ್ಯಾಲ ಇಟ್ಟಂಗಿ ಗೋಪುರ ಇತ್ತು. 1856ರಾಗ ಗ್ರೀನ್‌ಲಾ ಸಾಹೇಬ ತಗದ ಫೋಟೋದಾಗ ಐತಿ, ಈಗಿಲ್ಲ. ರಿಪೇರಿ ಆದ ಮಾಲಿನ ನಕಲು ನಾನು. 2017ರಾಗ ರಿಸರ್ವ್ ಬ್ಯಾಂಕಿನವರೂ 50 ರೂಪಾಯಿ ನೋಟಿನ ಬೆನ್ನಿಗೆ ಅದನ್ನ ಒತ್ತಿದ್ರು. ನನ್ನ ಕಸಬಿಗೆ ಮರ್ಯಾದಿ ಬಂತು.

ಕಾನೂನಿನ ಹೆದರಿಕಿ?

ಮಂದಿ ಓಡ್ಯಾಡೋ ಜಾಗಾದಾಗ ಕಾಯಂ ನಿಂತ ಶಿಲ್ಪದ ಚಿತ್ರ ಬರದ್ರ ತಪ್ಪಲ್ಲ ಅಂತ 1957ರ ಕೃತಿಸ್ವಾಮ್ಯ ಕಾಯ್ದೆನ ಹೇಳ್ತೈತಿ. ಸಾರನಾಥದ ಸಿಂಹದ್ದ ಬ್ಯಾರೆ. ನನ್ನ ಮಗ್ಗಲದಾಗ ಅರಿವಿ ಸುತ್ತಿಕೊಂಡು ಮಲಗೇತಲ್ಲ, ಅದನ್ನ ವ್ಯಾಪಾರಕ್ಕ ಒತ್ತಿದ್ರ 2005ರ ರಾಷ್ಟ್ರಲಾಂಛನದ ಕಾಯ್ದೆ ಪ್ರಕಾರ ಎರಡು ವರ್ಷದ ತನಕ ಜೇಲು.

(ಅರಿವೆ ಅಲುಗಾಡಿದಂತಾಯಿತು. ಗಾಳಿ ಇರಬೇಕು.)

ಊರಾಗ ತ್ರಿಕೂಟೇಶ್ವರ ಐತಿ, ಕೂಗಳತಿಯೊಳಗ ಲಕ್ಕುಂಡಿ. ಅವನ್ಯಾಕ ಬಿಟ್ರಿ?

ಬಿಟ್ಟಿಲ್ಲೋ! ತ್ರಿಕೂಟೇಶ್ವರದ ಆವಾರದಾಗಿನ ಸರಸ್ವತಿ ಗುಡಿ ಕಂಬದ ಬ್ಲಾಕ್ ಮಾಡಿಸಿದ್ರು. ಕುಸುರಿ ಅಷ್ಟು ನಾಜೂಕು, ಹೆಬ್ಬೆಟ್ಟಿನಷ್ಟು ಮಾಡಿದ ಕೂಡ್ಲೆ ಸಂದಿನ್ಯಾಗೆಲ್ಲ ಮಸಿ ತುಂಬಿ ಕಂಬ ಕರೇ ಕೊಳವಿ ಆತು. ಮಾಡಿಸಿದ ಸೀರಿ ಅಂಗಡಿಯಾಂವ ಒಲ್ಲೆ ಅಂದ, ಬೋರ್‌ವೆಲ್‌ನಾಂವ ಖುಷೀಲೆ ಒಯ್ದ. ನನಗೇನು, ಎರಡು ಗಾಲಿ, ನಾಲ್ಕು ಗೆರಿ. ಇರವಿ ಅಷ್ಟು ಮಾಡಿದ್ರೂ ಗುರುತು ಸಿಗತೈತಿ. ಚಲೋ ಕೆತ್ತಿದ್ದು ಗುಡ್ಯಾಗ ಉಳೀತು, ಸಸಾರ ಇದ್ದದ್ದು ಪಾಕೀಟಿನ ಮ್ಯಾಲ ಬಂತು.

ಹಂಪಿ ರಥದ ಗಾಲಿ ಮೊದಲ ತಿರುಗತಿದ್ವಂತ?

ಈಗ ಸಿಮೆಂಟ್ ಹಾಕಿ ನಿಲ್ಲಿಸ್ಯಾರ. ನನ್ನವು ನಾಕ ತಾಲೂಕ ತಿರುಗಿದವು, ಆಫ್‌ಸೆಟ್ ಬಂದಮ್ಯಾಲ ನಿಂತವು. ಮೊನ್ನೆ ಫ್ಲೆಕ್ಸ್ ಮಾಡೋ ಹುಡುಗ ಬಂದು ಮೊಬೈಲಿನಾಗ ನನ್ನ ಫೋಟೋ ಹೊಡಕೊಂಡ. ಬ್ಲಾಕು ಉಲ್ಟಾ ಇರತೈತಿ ಅಂತ ಅವಗ ಯಾರು ಹೇಳಬೇಕು? ನಾಳೆ ಮುಳಗುಂದ ನಾಕಾಕ್ಕ ಹೋಗಿ ನೋಡು, ರಥ ಹಿಂದಕ್ಕ ಹೊಂಟಿರತೈತಿ.